ತೇಪೆ

ಹಾಸಿ ಮೂರೇ ರಾತ್ರಿಯಾಗಿತ್ತು.
ಚಾಪೆಯ ಹಾಗೆ ಸುರುಳಿ ಸುತ್ತಿ ಲಾರಿಯಲ್ಲಿ ಬಂದ ಹುಲ್ಲು
ಇನ್ನೂ ನೆಲದ ಗುರುತು ಹಿಡಿದಿರಲಿಲ್ಲ,
ನೆಲವೂ ಅದನ್ನು ನಂಟನೆಂದು ಒಪ್ಪಿರಲಿಲ್ಲ.
(ಶರತ್ಕಾಲದಲ್ಲೇ ಹಾಸಬೇಕಿತ್ತು; ಹಣ ಕೂಡಿದ್ದು ಏಪ್ರಿಲಿಗೆ.)
ಆಗ ಯಾರೋ ಬೈಕು ನುಗ್ಗಿಸಿದರು.

ಬೆಳಿಗ್ಗೆ ಬೇಲಿಯಾಚೆ ನಿಂತು ಬೈದೆವು,
ಫೈಫ್ ತೀರದ ಈ ಪುಟ್ಟ ಊರಿನ ಬೋಲ್ಸ್ ಕ್ಲಬ್ಬಿನ
ಹದಿನೇಳು ಜನ ಮುದುಕರು,
ಕಿಸೆಯಲ್ಲಿ ಕೈ, ಕಡಲಗಾಳಿಗೆ ಬೆನ್ನು.
ಪೊಲೀಸಿಗೆ ಹೇಳಿ, ಎಂದ ಲಾಕ್ಲನ್.
ಈಗಿನ ಹುಡುಗರೇ ಹೀಗೆ, ಎಂದೆ ನಾನು.
ನನ್ನ ಮೊಮ್ಮಗನಿಗೂ ಒಂದು ಬೈಕಿದೆ.
ಆ ಮಾತನ್ನು ಯಾರೂ ಎತ್ತಲಿಲ್ಲ.

ಇಶ್ಬೆಲ್ ಪಿಟ್‌ಕೆತ್ಲಿ ಬೈಯಲಿಲ್ಲ.
ಹಲಗೆ ಹಾಕಿ, ಹಲಗೆಯ ಮೇಲೆ ಮಂಡಿಯೂರಿ,
ಕಿತ್ತುಬಂದ ಅಂಚುಗಳನ್ನು ಒಂದೊಂದೇ ಮುಟ್ಟಿದಳು:
ಇದು ಬದುಕುತ್ತೆ. ಇದೂ ಬದುಕುತ್ತೆ.
ಇದು ಹೋಯ್ತು.

ನಮ್ಮ ಆಟ ಇಷ್ಟೇ:
ಒಂದು ಮಗ್ಗುಲಿಗೆ ವಾಲುವ ಕರಿಗುಂಡು
ಬಾಗುತ್ತ, ಬಳುಕುತ್ತ ಹೋಗಿ
ಬಿಳಿಯ ಪುಟ್ಟ ಗುಂಡಿನ ಪಕ್ಕ ಕೂರಬೇಕು.
ಅಷ್ಟಕ್ಕೆ, ನೆಲ ತಟ್ಟೆಯ ನೀರಿನಷ್ಟು ಸಮವಿರಬೇಕು.

ದಾರ ಕಟ್ಟಿ, ಗೆರೆ ಹಿಡಿದು
ಗಾಯವನ್ನು ಚೌಕವಾಗಿ ಕತ್ತರಿಸಿದಳು.
ಚಕ್ರ ತುಳಿದು ಗಟ್ಟಿಯಾದ ಮಣ್ಣನ್ನು ಮುಳ್ಳುಗೋಲಿನಿಂದ ಸಡಿಲಿಸಿದಳು.
ಹೊಸ ಹುಲ್ಲಿಗೆ ಫೋನು ಮಾಡಿದರೆ
ನಲವತ್ತು ಸುರುಳಿಗೆ ಕಡಿಮೆ ಕೊಡುವುದಿಲ್ಲವಂತೆ, ಅದೂ ಎರಡು ವಾರ ಬಿಟ್ಟು.
ಸಂಜೆ ಕೈಗಾಡಿ ತಳ್ಳಿಕೊಂಡು ಬಂದಳು.
ಒಳಗೆ ಅವಳ ಹಿತ್ತಲು.
ಹಿತ್ತಲಿನಿಂದ ಕೊಯ್ದ ಐದು ತುಂಡು,
ಒಂದೊಂದೂ ಬಾಗಿಲಲ್ಲಿ ಕಾಲೊರೆಸುವ ಚಾಪೆಯಷ್ಟು.

ಕೂರಿಸಿ, ಸಲಿಕೆಯ ಬೆನ್ನಿನಿಂದ ತಟ್ಟಿ,
ಸಂದಿಗೆ ಮರಳು ತುಂಬಿದಳು
ಸಾರಿಗೆ ಉಪ್ಪು ಹಾಕುವವಳಂತೆ, ಚಿಟಿಕೆ ಚಿಟಿಕೆ.
ಒಣಗಿದರೆ ಸಂದಿ ಬಾಯಿಬಿಡುತ್ತದೆ, ಎಂದಳು.
ಬೆಳಿಗ್ಗೆ ನೀರು, ಸಂಜೆ ನೀರು.
ಕಾಗೆ ಕೊಕ್ಕು ಹಾಕಿ ಎಳೆದದ್ದನ್ನು ಮತ್ತೆ ಒತ್ತುವುದು.
ಯಂತ್ರ ಬೇಡ, ಕತ್ತರಿಯಲ್ಲಿ ತುದಿ ಮಾತ್ರ.
ಯಾರಾದರೂ ಕಾಲಿಟ್ಟರೆ ಇಲ್ಲೇ ಹೂಳುತ್ತೇನೆ,
ಮೇಲೆ ಇದೇ ಹುಲ್ಲು ಹಾಸುತ್ತೇನೆ.

ಎಂಟನೆಯ ದಿನ ಒಂದು ಮೂಲೆ ಎತ್ತಿ ತೋರಿಸಿದಳು:
ಬಿಳಿ ಬೇರು, ಹಾಲುಹಲ್ಲಿನ ಮೊನೆಯಷ್ಟು.
ಇಪ್ಪತ್ತನೆಯ ದಿನ ಎತ್ತಲು ಹೋದಳು.
ಬರಲಿಲ್ಲ.
ಕೈ ಬಿಡು, ಅಂದ ಹಾಗಿತ್ತು ನೆಲ.

ಅಷ್ಟರಲ್ಲಿ, ಯಾವ ದಿನದಿಂದಲೋ,
ಅವಳು ಬರುವ ಮೊದಲೇ ಬಕೆಟ್ಟುಗಳು ತುಂಬಿರುತ್ತಿದ್ದವು.
ಅವಳು ಕೇಳಲಿಲ್ಲ.
ಹಿಡಿಯ ಮೇಲೆ ಎಂಜಿನ್ ಎಣ್ಣೆಯ ಕಪ್ಪು ಬೆರಳಚ್ಚು;
ಯಾರೂ ನೋಡದಾಗ ಕರ್ಚೀಫಿನಿಂದ ಒರೆಸಿದೆ.

ಜೂನಿನಲ್ಲಿ ಆಟ ಶುರುವಾಯಿತು.
ಜುಲೈಯಲ್ಲಿ ಆ ಐದು ಚೌಕದೊಳಗೆ
ಡೈಸಿ ಹೂವು ತಲೆಯೆತ್ತಿತು.
ಬೋಲ್ಸ್ ಆಡುವ ನೆಲದಲ್ಲಿ ಹೂವು!
ಲಾಕ್ಲನ್ ಚೂರಿ ಬಿಚ್ಚಿದ;
ಇಶ್ಬೆಲ್ ಸುಮ್ಮನೆ ನೋಡಿದಳು; ಮಡಚಿಟ್ಟ.
ನನ್ನ ಗುಂಡು ಅಲ್ಲಿಗೆ ಬಂದಾಗಲೆಲ್ಲ
ಕೂದಲೆಳೆಯಷ್ಟು ಓಲುತ್ತದೆ.
ಎರಡು ಪಂದ್ಯ ಸೋತೆ. ದೂರಲಿಲ್ಲ.

ಅವಳ ಹಿತ್ತಲಲ್ಲಿ ಮಾತ್ರ
ಐದು ಚೌಕ ಬರಿಮಣ್ಣು ಬಿಸಿಲು ಕಾಯುತ್ತಿತ್ತು.
ನಿನ್ನೆ ಆ ದಾರಿಯಲ್ಲಿ ಹೋಗುತ್ತ ಇಣುಕಿದೆ:
ಯಾರೋ ಬೀಜ ಚೆಲ್ಲಿದ್ದಾರೆ,
ಹಕ್ಕಿ ಇಳಿಯದಂತೆ ಗೂಟದಿಂದ ಗೂಟಕ್ಕೆ ದಾರ ಬಿಗಿದಿದ್ದಾರೆ.

ಮೂವತ್ತು ವರ್ಷ ದೋಣಿಯಲ್ಲಿ ಬಲೆ ಕಟ್ಟಿದವನು ನಾನು.
ಆ ಗಂಟು ಯಾರದೆಂದು ಗೊತ್ತು.
ಕಲಿಸಿದವನು ನಾನೇ.